ಬಚ್ಚಲ ಮೇಸ್ತ್ರಿ

ಯಮನೂರನ ಬಲಭುಜ ಅಲ್ಲಿಯವರೆಗೆ ನಾಲ್ಕು ಸಲ ಕೀಲು ತಪ್ಪಿತ್ತು. ಮೊದಲ ಸಲದ್ದಕ್ಕೆ ಮರ್ಯಾದಸ್ಥ ಕಾರಣವಿತ್ತು. ಹೊಸಕೋಟೆ ಕಡೆ ಒಂದು ಕಟ್ಟಡದಲ್ಲಿ ಸಾರುವೆಯ ಹಲಗೆ ಮಗುಚಿ ಬಿದ್ದಿದ್ದ. ಎರಡನೇ ಸಲ ಸಿಮೆಂಟ್ ಚೀಲ ಎತ್ತುವಾಗ ತಪ್ಪಿತು. ಅದನ್ನೂ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಮೂರನೇ ಸಲ ಮಾತ್ರ ಕುಷ್ಟಗಿಯಿಂದ ಬೆಂಗಳೂರಿಗೆ ಬರುವ ಬಸ್ಸಿನಲ್ಲಿ, ತಲೆಯ ಮೇಲಿನ ಕಂಬಿಯಿಂದ ರೊಟ್ಟಿಯ ಗಂಟು ಇಳಿಸಲು ಕೈ ಚಾಚಿದಾಗ ತಪ್ಪಿತು. ಹದಿನೆಂಟು ವರ್ಷದಿಂದ ಜನರ ಮನೆಯ ಸೀಲಿಂಗಿಗೆ ಗಾರೆ ಹೊಡೆದವನು ಹತ್ತು ರೊಟ್ಟಿಯ ಗಂಟಿಗೆ ಸೋತು ಸೀಟುಗಳ ನಡುವೆ ಕುಸಿದು ಕೂತ. ಪಕ್ಕದವನು ಇವನಿಗೆ ವಾಂತಿ ಬಂತೆಂದು ತಿಳಿದು ಪ್ಲಾಸ್ಟಿಕ್ ಚೀಲ ಕೊಟ್ಟ.

ನಾಲ್ಕನೇ ಸಲ ತಪ್ಪಿದ್ದು ವರ್ತೂರಿನಾಚೆ, ಸರ್ಜಾಪುರದ ದಾರಿಯಲ್ಲಿ ಏಳುತ್ತಿದ್ದ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ. ಎರಡನೇ ಮಹಡಿಯ ಮಲಗುವ ಕೋಣೆ. ಸೀಲಿಂಗಿಗೆ ಗಾರೆ ಎಸೆಯಲು ಕೈ ಮೇಲೆತ್ತಿ ಹಿಂದಕ್ಕೆ ತಿರುಗಿಸಿದ್ದಷ್ಟೆ, ಒಳಗೆ ಏನೋ ಲೊಟಕ್ಕೆಂದಿತು. ಕರಣೆ ಕೈಯಿಂದ ಜಾರಿ ಕೆಳಗಿದ್ದ ಗಾರೆಯ ಬಾಂಡ್ಲಿಗೆ ಬಿತ್ತು. ಆ ಬಾಂಡ್ಲಿ ಹೊತ್ತು ತಂದವಳು ಅವನ ಹೆಂಡತಿ ಮಹಾದೇವಿ. ಅವಳಿಗೆ ಏನೂ ಹೇಳಬೇಕಾಗಲಿಲ್ಲ. ಬಾಗಿಲಿಗೆ ಒಂದು ಪ್ಲೈವುಡ್ ಹಲಗೆ ಅಡ್ಡ ಇಟ್ಟಳು. ಗಂಡನನ್ನು ಸಾರುವೆಯಿಂದ ಇಳಿಸಿ ಖಾಲಿ ಚೀಲಗಳ ಮೇಲೆ ಮಲಗಿಸಿದಳು. ಅವನ ಪಕ್ಕೆಗೆ ತನ್ನ ಪಾದ ಒತ್ತಿ, ಹಿಂದೊಮ್ಮೆ ಆಸ್ಪತ್ರೆಯಲ್ಲಿ ಡಾಕ್ಟರು ಮಾಡಿದ್ದನ್ನು ನೆನಪಿಸಿಕೊಂಡು, ಅವನ ಕೈಯನ್ನು ಮೆಲ್ಲಗೆ, ಬಿಡದೆ ಎಳೆದಳು. ಅದು ಮಾಡಬಾರದ ಕೆಲಸ ಅಂತ ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಯಮನೂರ ಟವೆಲಿನ ಚುಂಗು ಬಾಯಿಗೆ ತುರುಕಿಕೊಂಡಿದ್ದ. ಕೀಲು ಕೂತಾಗ ಕಣ್ಣಲ್ಲಿ ನೀರು ಬಳಬಳನೆ ಸುರಿಯಿತೇ ಹೊರತು ಬಾಯಿಂದ ಒಂದು ಸದ್ದೂ ಹೊರಡಲಿಲ್ಲ.

ಸದ್ದು ಮಾಡಬಾರದಿತ್ತು. ಪಕ್ಕದ ಕೋಣೆಯಲ್ಲಿ ಹನುಮಂತರಾಯಪ್ಪ ಇದ್ದರು.

ಹನುಮಂತರಾಯಪ್ಪ ಸರ್ಜಾಪುರದವರು, ಅರವತ್ತು ದಾಟಿದ ಆಸಾಮಿ. ಒಂದು ಕಾಲಕ್ಕೆ ಹೆಸರುವಾಸಿ ಗಾರೆ ಮೇಸ್ತ್ರಿ, ಈಗ ಇಡೀ ಗಾರೆ ಗ್ಯಾಂಗಿನ ಸೂಪರ್‌ವೈಜರ್. ಕೆಟ್ಟ ಮನುಷ್ಯ ಖಂಡಿತ ಅಲ್ಲ. ಹಬ್ಬಕ್ಕೆ ಎಲ್ಲರಿಗೂ ಸಿಹಿ ಹಂಚುತ್ತಿದ್ದರು, ಯಾರ ಮೇಲೂ ಕೈ ಎತ್ತಿದವರಲ್ಲ. ಆದರೆ ಯಾರಿಗಾದರೂ ಪೆಟ್ಟಾಯಿತೆಂದರೆ ಅವರ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: "ಊರಿಗೋಗಿ ರೆಸ್ಟ್ ತಗಳಪ್ಪ, ಸರಿ ಓದ್ ಮ್ಯಾಕೆ ಫೋನ್ ಮಾಡು." ಸರಿಹೋದವರು ಫೋನ್ ಮಾಡುತ್ತಿದ್ದರು. ಅಷ್ಟರಲ್ಲಿ ಅವರ ಜಾಗಕ್ಕೆ ಇನ್ಯಾರೋ ಬಂದು, ಅವರ ಬಾಂಡ್ಲಿಯನ್ನು ತೊಳೆದು, ಅವರ ಹಲಗೆ ಹತ್ತಿ ನಿಂತಿರುತ್ತಿದ್ದರು.

ಹೋದ ವರ್ಷ ಅದೇ ಗ್ಯಾಂಗಿನ ಗಂಗಪ್ಪನಿಗೆ ಆದದ್ದು ಅದೇ. ಮಂಡಿ ಊದಿಕೊಂಡು ಏಣಿ ಹತ್ತಲಾಗದೆ ಊರಿಗೆ ಹೋದ. ಈ ಕೆಲಸದಲ್ಲಿ ಗಂಡ ಹೆಂಡತಿ ಒಂದು ಜೋಡಿ: ಗಂಡ ಗಾರೆ ಹೊಡೆಯುತ್ತಾನೆ, ಹೆಂಡತಿ ಕಲಸಿ ಹೊತ್ತು ಕೊಡುತ್ತಾಳೆ. ಗಂಗಪ್ಪ ಹೋದ ಮೂರನೇ ದಿನಕ್ಕೆ ಅವನ ಹೆಂಡತಿ ಬಸಕ್ಕನನ್ನು ಬೇರೆ ಮೇಸ್ತ್ರಿಯ ಕೈಕೆಳಗೆ ಹಚ್ಚಿದರು. ಈಗ ಗಂಗಪ್ಪ ಊರಲ್ಲಿ ಅಣ್ಣನ ಆಡು ಕಾಯುತ್ತಾನೆ. ಬಸಕ್ಕ ವರ್ತೂರಿನ ಒಂದು ರೂಮಿನಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ಇರುತ್ತಾಳೆ. ಊಟದ ಹೊತ್ತಿಗೆ ಎಲ್ಲ ಜೋಡಿಗಳೂ ಎದುರು ಬದುರು ಕೂತು ಬುತ್ತಿ ಬಿಚ್ಚುವಾಗ ಬಸಕ್ಕ ಫೋನಿನಲ್ಲಿ ಗಂಡನ ಜೊತೆ ಮಾತಾಡುತ್ತ ಉಣ್ಣುವುದನ್ನು ಯಮನೂರ ದಿನಾ ನೋಡುತ್ತಿದ್ದ. ಅವನಿಗೆ ಭುಜದ ನೋವಿಗಿಂತ ಅದರ ಅಂಜಿಕೆ ದೊಡ್ಡದಾಗಿತ್ತು.

ಆದ್ದರಿಂದ ಭುಜದ ವಿಷಯ ಯಾರಿಗೂ ತಿಳಿಯಬಾರದು ಅಂತ ಗಂಡ ಹೆಂಡತಿ ಅಂದೇ ತೀರ್ಮಾನ ಮಾಡಿದರು. "ನಮ್ಮವ್ವಗ ಭಾಳ ಆರಾಮಿಲ್ರಿ" ಅಂತ ಹನುಮಂತರಾಯಪ್ಪನಿಗೆ ಸುಳ್ಳು ಹೇಳಿ ಯಮನೂರ ರಜೆ ಪಡೆದು, ಹೆಂಡತಿಯ ಜೊತೆ ಊರಿಗೆ ಹೋಗಿ, ಮೂರು ವಾರ ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಗೆ ಹಾಕಿ ಕೂತ. ಗಟ್ಟಿಮುಟ್ಟಾಗಿದ್ದ ಅವ್ವ ತನ್ನ ಕಾಯಿಲೆಯ ಸುದ್ದಿಯನ್ನು ತಡವಾಗಿ ಕೇಳಿ, ಮಗನಿಗೆ ವಾಚಾಮಗೋಚರ ಬೈದಳು. ಕೊಪ್ಪಳದ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, ಕೀಲಿನ ಸುತ್ತಲಿನ ಹಿಡಿತ ಸಡಿಲಾಗಿದೆ, ಇನ್ನೊಮ್ಮೆ ತಪ್ಪಿದರೆ ಆಪರೇಷನ್ನೇ, ಭುಜಕ್ಕಿಂತ ಮೇಲೆ ಆ ಕೈ ಎತ್ತಲೇಬೇಡಿ ಅಂದರು. ಯಮನೂರ ತಲೆಯಾಡಿಸಿದ. ಭುಜಕ್ಕಿಂತ ಕೆಳಗೆ ಸೀಲಿಂಗು ಇರುವ ಮನೆ ಯಾವ ಊರಲ್ಲಿದೆ ಅಂತ ಡಾಕ್ಟರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಅಲ್ಲಿ ವ್ಯಾಯಾಮ ಮಾಡಿಸುತ್ತಿದ್ದ ಒಬ್ಬಳು ಹುಡುಗಿ ಮಾತ್ರ ಸೈಕಲ್ ಟ್ಯೂಬನ್ನು ಕಿಟಕಿಯ ಸರಳಿಗೆ ಕಟ್ಟಿ ಮೊಣಕೈ ಮಡಚಿ ಎಳೆಯುವುದನ್ನು ಹೇಳಿಕೊಟ್ಟಳು. ಅದನ್ನು ದಿನಾ ತಪ್ಪದೆ ಮಾಡಿದ.

ವರ್ತೂರಿಗೆ ವಾಪಸ್ ಬಂದ ದಿನ ಸಂಜೆ ರೂಮಿನಲ್ಲಿ ಮಹಾದೇವಿ ರೊಟ್ಟಿ ಬಡಿಯುತ್ತಿದ್ದಳು. ಅವಳು ತಲೆ ಎತ್ತದೆಯೇ ಕೇಳಿದಳು:

"ಅಲ್ರಿ, ನಿಮ್ಮ ಎಡಗೈ ಏನ್ ಮಾಡಾಕತ್ತೈತಿ?"

"ಏನ್ ಮಾಡ್ತೈತಿ? ಸುಮ್ನ ಐತಿ."

"ಅದಕ್ಕ ಕೇಳಿದ್ದು. ಬಲಗೈ ಒಂದ ಸಾಯೂತನ ದುಡೀಬೇಕೇನು? ಅದಕ್ಕೂ ಒಂದೀಟು ಕಲಿಸ್ರಿ."

"ಎಡಗೈಲಿ ಕರಣಿ ಹಿಡಿಯಾಕ ನಾ ಏನ್ ಹುಚ್ಚ?"

"ಹುಚ್ಚರಲ್ಲ. ಕೈ ಮುರಕೊಂಡ್ ಕುಂತವರು" ಅಂದಳು ಮಹಾದೇವಿ, ರೊಟ್ಟಿಯನ್ನು ಹಂಚಿಗೆ ಹಾಕುತ್ತ. ಅವಳ ಮಾತು ಹೀಗೇ, ಸೀದಾ ಬಂದು ತಾಗುತ್ತದೆ. ಆದರೆ ಒಂದು ಸಲ ಕಿವಿಗೆ ಬಿದ್ದರೆ ಮತ್ತೆ ಹೊರಗೆ ಹೋಗುವುದಿಲ್ಲ.

ಕಲಿಯುವುದು ಎಲ್ಲಿ? ಎಂಟು ಜನ ಮೇಸ್ತ್ರಿಗಳ ಕಣ್ಣೆದುರು ಎಡಗೈಯಲ್ಲಿ ತಿಣುಕಿದರೆ ಬೆಳಗಾಗುವುದರೊಳಗೆ ಸುದ್ದಿ ಗೇಟಿನ ತನಕ ಹೋಗುತ್ತದೆ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಯಮನೂರನಿಗೇ ಹೊಳೆಯಿತು. ಬಚ್ಚಲುಮನೆ! ಈ ದೊಡ್ಡ ಫ್ಲಾಟುಗಳಲ್ಲಿ ಬಚ್ಚಲಿನ ಸೀಲಿಂಗಿನ ಕೆಳಗೆ ಇನ್ನೊಂದು ಸುಳ್ಳು ಸೀಲಿಂಗು ಕಟ್ಟಿ ಪೈಪುಗಳನ್ನು ಮುಚ್ಚುತ್ತಾರೆ. ಮೇಲಿನ ಗಾರೆ ಅಂದವಾಗಿದೆಯೋ ಅಷ್ಟಾವಕ್ರವಾಗಿದೆಯೋ ಯಾವ ಇಂಜಿನಿಯರೂ ಇಣುಕಿ ನೋಡುವುದಿಲ್ಲ. ಇಕ್ಕಟ್ಟು, ಸೆಕೆ, ಪೈಪುಗಳ ನಡುವೆ ಕತ್ತು ತೂರಿಸಿ ನಿಲ್ಲಬೇಕು; ಯಾವ ಮೇಸ್ತ್ರಿಯೂ ಆ ಕೆಲಸಕ್ಕೆ ಮುಂದೆ ಬರುವವನಲ್ಲ. "ಬಚ್ಚಲಾ ಎಲ್ಲಾ ನನಗ ಕೊಡ್ರಿ ಸಾರ್" ಅಂತ ಯಮನೂರ ಕೇಳಿದಾಗ ಹನುಮಂತರಾಯಪ್ಪ ಅವನ ಮುಖವನ್ನೇ ನೋಡಿದರು. ಆಮೇಲೆ, ಬೇಡ ಅಂತ ಇವನ ಮನಸ್ಸು ಬದಲಾಗುವ ಮೊದಲೇ, ಪುಸ್ತಕದಲ್ಲಿ ಬರೆದುಬಿಟ್ಟರು.

ಎಡಗೈಯ ಮೊದಲ ದಿನದ ಕೆಲಸವನ್ನು ಮಹಾದೇವಿ ಇವತ್ತಿಗೂ ನೆನಸಿಕೊಂಡು ನಗುತ್ತಾಳೆ. ಬಲಗೈಯಲ್ಲಿ ಗಾರೆಯ ಹಲಗೆಯನ್ನು ಎದೆಯ ಮಟ್ಟಕ್ಕೆ ಹಿಡಿದು, ಎಡಗೈಯಿಂದ ಯಮನೂರ ಮೇಲಕ್ಕೆ ಎಸೆದ. ಗಾರೆ ಸೀಲಿಂಗಿಗೆ ಮುತ್ತಿಟ್ಟ ಹಾಗೆ ಮಾಡಿ ಅವನ ತಲೆಯ ಮೇಲೇ ಇಳಿಯಿತು. ಎರಡನೆಯದು ಕೊರಳಿಗೆ. ಮೂರನೆಯದು ಅಂಗಿಯೊಳಗೆ. ಮೂರು ಬಾಂಡ್ಲಿ ಖಾಲಿಯಾಗುವ ಹೊತ್ತಿಗೆ ಸೀಲಿಂಗು ಹಾಗೆಯೇ ಬೋಳಾಗಿತ್ತು, ಮೇಸ್ತ್ರಿಗೆ ಮಾತ್ರ ಪೂರ್ತಿ ಪ್ಲಾಸ್ಟರ್ ಆಗಿತ್ತು. ಮಹಾದೇವಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೊರಗಿ ಕೂತುಬಿಟ್ಟಳು. ಯಮನೂರನಿಗೆ ಸಿಟ್ಟು ಬಂತು, ಆಮೇಲೆ ಅವನಿಗೂ ನಗು ಬಂತು.

ಆದರೆ ಕೈ ಅನ್ನುವುದು ಕತ್ತೆಯ ಹಾಗೆ, ಬೆನ್ನು ಹತ್ತಿದರೆ ನಡೆಯುತ್ತದೆ. ಹತ್ತನೇ ಬಚ್ಚಲಿಗೆ ಗಾರೆ ಮೇಲೆ ಅಂಟಿ ನಿಂತಿತು. ಮೂವತ್ತನೆಯದಕ್ಕೆ ಮಟ್ಟ ಬಂತು. ಆ ಹೊತ್ತಿಗೆ ಗ್ಯಾಂಗಿನವರೆಲ್ಲ ಅವನಿಗೆ 'ಬಚ್ಚಲ ಮೇಸ್ತ್ರಿ' ಅಂತ ಹೆಸರಿಟ್ಟಾಗಿತ್ತು. ಟೆಂಪೋ ಹತ್ತುವಾಗ "ದಾರಿ ಬಿಡ್ರಪಾ, ಬಚ್ಚಲ ಮೇಸ್ತ್ರಿ ಬಂದ್ರು" ಅನ್ನುವರು. ಹಾಲ್‌ಗಳಿಗೆ, ದೊಡ್ಡ ಕೋಣೆಗಳಿಗೆ ಗಾರೆ ಹೊಡೆದವನಿಗೆ ಆ ಹೆಸರು ಚುಚ್ಚುತ್ತಿತ್ತು. ನಗುತ್ತ ಹತ್ತಿ, ಬಲಗೈ ಯಾರಿಗೂ ತಾಗದಂತೆ ಮೂಲೆ ಹಿಡಿದು ಕೂರುತ್ತಿದ್ದ. ಎಂಟು ತಿಂಗಳಲ್ಲಿ ನೂರಾ ಅರವತ್ತು ಬಚ್ಚಲುಗಳಾದವು. ಕೊನೆಕೊನೆಗೆ ಅವನು ಯಾರೂ ನೋಡದ ಆ ಸೀಲಿಂಗುಗಳನ್ನು ಕನ್ನಡಿಯ ಹಾಗೆ ತಿಕ್ಕಿ ಇಳಿದು, ಕೆಳಗೆ ನಿಂತು ತಾನೇ ನೋಡಿ ಖುಷಿಪಡುತ್ತಿದ್ದ.

ಹೀಗಿರುವಾಗ ಒಂದು ಗುರುವಾರ ಹನುಮಂತರಾಯಪ್ಪ ಬಂದು, ಗಿರಾಕಿಗಳಿಗೆ ತೋರಿಸುವ ಮಾದರಿ ಫ್ಲಾಟಿನ ಹಾಲ್ ಇವತ್ತೇ ಆಗಬೇಕು, ಅದನ್ನು ಮಾಡಬೇಕಿದ್ದವನು ತಂಗಿ ಮದುವೆಗೆ ಹೋಗಿದ್ದಾನೆ, ನೀನು ಮಾಡು ಅಂದರು. ಯಮನೂರ ಇಲ್ಲ ಅನ್ನಲು ಬಾಯಿ ತೆರೆದ. "ಮರ್ತಿಲ್ಲ ತಾನೇ?" ಅಂದರು ಅವರು. ಮರೆತಿಲ್ಲ ಅಂತ ಹೇಳಲೇಬೇಕಾಯಿತು.

ಅವತ್ತು ಮಹಾದೇವಿ ಹಾಲ್‌ನ ಬಾಗಿಲ ಹೊರಗೆ ಗಾರೆ ಕಲಸುತ್ತ ಕಾವಲು ಕೂತಳು. ಒಳಗೆ ಯಮನೂರ ಎಡಗೈಯಲ್ಲಿ ಇಡೀ ಹಾಲ್ ಮುಗಿಸಿದ. ಇಳಿದು ನೋಡಿದರೆ ಅವನಿಗೇ ನಂಬಿಕೆಯಾಗಲಿಲ್ಲ. ತನ್ನ ಬಲಗೈ ಗಟ್ಟಿಯಾಗಿದ್ದ ಕಾಲದಲ್ಲೂ ಇಷ್ಟು ಸಪಾಟಾಗಿ ಹೊಡೆದಿದ್ದ ನೆನಪಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ತಪಾಸಣೆ. ಸೈಟ್ ಇಂಜಿನಿಯರ್ ಸಮೀಕ್ಷಾ ಬಂದಳು. ಇಪ್ಪತ್ತಾರರ ಹುಡುಗಿ, ಹೆಲ್ಮೆಟ್ಟಿನ ಕೆಳಗೆ ಜಡೆ, ಕೈಯಲ್ಲಿ ರಿಜಿಸ್ಟರು. ಗಾರೆಯ ಗ್ಯಾಂಗಿನ ಅರ್ಧ ಜನ ಪಕ್ಕದ ಫ್ಲಾಟಿನಿಂದ ಬಂದು ಬಾಗಿಲಲ್ಲಿ ನಿಂತರು. ಮಟ್ಟದ ಪಟ್ಟಿ ಇಟ್ಟು ನೋಡಿದ ಸಮೀಕ್ಷಾ "ಸಕ್ಕತ್ತಾಗಿದೆ ಅಣ್ಣ! ಒಂದು ಉಬ್ಬೂ ಇಲ್ಲ" ಅಂದಳು. ಹನುಮಂತರಾಯಪ್ಪ ಟಾರ್ಚನ್ನು ಗೋಡೆಯ ಅಂಚಿಗೆ ಹಿಡಿದು ಬೆಳಕನ್ನು ಸೀಲಿಂಗಿನ ಮೈಗುಂಟ ಹರಿಸಿದರು. ಹಾಗೆ ಅಡ್ಡ ಬೆಳಕು ಬಿದ್ದರೆ ಕಣ್ಣಿಗೆ ಕಾಣದ ತಿಕ್ಕಿದ ಗೆರೆಗಳೆಲ್ಲ ಎದ್ದು ಕಾಣುತ್ತವೆ. ಅವರು ಒಂದು ನಿಮಿಷ ನೋಡಿದರು. ಎರಡು ನಿಮಿಷ ನೋಡಿದರು. ಅವರ ಮುಖ ಗಂಟಾಯಿತು.

"ಇದು ಯಮನೂರನ ಕೈ ಅಲ್ಲ" ಅಂದರು.

"ಯಾಕ್ ಸಾರ್? ಫಿನಿಶ್ ಚೆನ್ನಾಗೇ ಇದೆಯಲ್ಲ" ಅಂದಳು ಸಮೀಕ್ಷಾ.

"ಚೆನ್ನಾಗೈತೆ ಮೇಡಂ, ಅದ್ಕೇ ಯೋಳ್ತಿರೋದು. ಈ ಗೆರೆ ನೋಡಿ. ಬಲಗೈಯೋನು ತಿಕ್ಕಿದ್ರೆ ಇತ್ಲಾಗೆ ಬಾಗ್ತದೆ. ಇದು ಅತ್ಲಾಗೆ ಬಾಗೈತೆ. ಇದು ಎಡಚನ ಕೈ. ನಲವತ್ತು ವರ್ಷ ಗಾರೆ ಒಡ್ದಿವ್ನಿ, ನಂಗೆ ಗೊತ್ತಾಗಲ್ವಾ?" ಅವರು ಯಮನೂರನ ಕಡೆ ತಿರುಗಿದರು. "ಬಸಲಿಂಗನ್ನ ಒಳಕ್ ಬಿಟ್ಕಂಡಿದ್ದೀಯಾ. ಅಲ್ವಾ?"

ಯಮನೂರ ಮಹಾದೇವಿಯ ಕಡೆ ನೋಡಿದ.

ಬಸಲಿಂಗ ಇಳಕಲ್ಲಿನ ಕಡೆಯವನು, ಎಡಚ, ಆ ಗ್ಯಾಂಗು ಕಂಡ ಎಲ್ಲರಿಗಿಂತ ನುರಿತ ಮೇಸ್ತ್ರಿ. ಬಾಯಿ ಮಾತ್ರ ಉದ್ದ. ಎರಡು ವರ್ಷದ ಹಿಂದೆ ಹನುಮಂತರಾಯಪ್ಪನ ಮಟ್ಟದ ಪಟ್ಟಿಯೇ ಸೊಟ್ಟಗಿದೆ ಅಂತ ಎಲ್ಲರೆದುರು ಹೇಳಿದ. ಪಟ್ಟಿ ಸೊಟ್ಟಗಿದ್ದದ್ದು ನಿಜವೇ. ಆದರೂ ಅದೇ ದಿನ ಅವನನ್ನು ಗೇಟಿನಾಚೆ ಕಳಿಸಿದರು. ಈಗ ಅವನು ಎಲೆಕ್ಟ್ರಾನಿಕ್ ಸಿಟಿ ಕಡೆ ಎಲ್ಲೋ ಇದ್ದ. ಹನುಮಂತರಾಯಪ್ಪನಿಗೆ ಎಡಗೈ ಅಂದರೆ ಬಸಲಿಂಗ, ಬಸಲಿಂಗ ಅಂದರೆ ಅವಮಾನ. ಅವರ ತಲೆ ಅದಕ್ಕಿಂತ ಮುಂದೆ ಓಡಲಿಲ್ಲ.

"ನಿನ್ ಗೇಟ್ ಪಾಸ್ ಅವನ ಕೈಗ್ ಕೊಟ್ಟು, ನೀನು ರೂಮಲ್ ಬಿದ್ಕಂಡಿದ್ದಾ? ಒರಗಡೆಯೋನು ಒಳಗ್ ಬಂದು ಬಿದ್ದು ಸತ್ರೆ ಯಾರ್ಲಾ ಜವಾಬ್ದಾರಿ? ಗಂಡ ಎಂಡ್ತಿ ಇಬ್ರೂ ಈಗ್ಲೇ ಗಂಟು ಕಟ್ಟಿ!"

ಹೇಳಿದರೆ ನಂಬಲಿಕ್ಕಿಲ್ಲ, ಆ ಭಯದ ನಡುವೆಯೂ ಯಮನೂರನಿಗೆ ಒಂದು ಕ್ಷಣ ಹೆಮ್ಮೆಯಾಯಿತು. ತನ್ನ ಕೆಲಸವನ್ನು ಬಸಲಿಂಗನ ಕೆಲಸ ಅಂದುಕೊಂಡರಲ್ಲ! ಮರುಕ್ಷಣ ಎದೆ ಕುಸಿಯಿತು. ಸುಮ್ಮನಿದ್ದರೆ ಕಳ್ಳ ಅನ್ನಿಸಿಕೊಂಡು ಇಬ್ಬರೂ ಹೊರಗೆ. ನಿಜ ಹೇಳಿದರೆ ತಾನೊಬ್ಬ ಹೊರಗೆ, ಮಹಾದೇವಿ ಬೇರೆ ಯಾವನದೋ ಬಾಂಡ್ಲಿ ಹೊರಬೇಕು, ಬಸಕ್ಕನ ಹಾಗೆ ಫೋನಿನಲ್ಲಿ ಗಂಡನ ಜೊತೆ ಉಣ್ಣಬೇಕು. ಯಾವುದು ಕಡಿಮೆ ಕೆಟ್ಟದ್ದು ಅಂತ ಅವನು ಅಳೆಯುತ್ತ ನಿಂತ. ಅಳೆಯುವಷ್ಟು ಪುರುಸೊತ್ತು ಮಹಾದೇವಿಗೆ ಇರಲಿಲ್ಲ.

"ಯಾವ ಬಸಲಿಂಗ್ರಿ? ನಾ ಮುಂಜಾನಿಂದ ಸಂಜೀತನ ಈ ಬಾಗಿಲದಾಗ ಕುಂತಿದ್ದೆ. ಇವರನ್ನ ಬಿಟ್ರ ಒಳಗ ಒಂದು ನೊಣಾನೂ ಹೋಗಿಲ್ಲ!"

"ಓ... ಬಾಗ್ಲಲ್ ಕೂತಿದ್ಯಾ?" ಅಂದರು ಹನುಮಂತರಾಯಪ್ಪ. "ಯಾಕಮ್ಮಾ ಕೂತಿದ್ದೆ? ಯಾರ್ ಬತ್ತಾರೆ ಅಂತ ಕಾಯ್ತಿದ್ದೆ?"

ಮಹಾದೇವಿಯ ಬಾಯಿ ಕಟ್ಟಿತು. ಜೀವಮಾನದಲ್ಲಿ ಅವಳ ಬಾಯಿ ಕಟ್ಟಿದ್ದನ್ನು ಯಮನೂರ ನೋಡಿದ್ದು ಅದೇ ಮೊದಲು. ಅದನ್ನು ನೋಡಲಾಗದೆ ಅವನು ಹೇಳಿಬಿಟ್ಟ:

"ಸಾರ್, ಅದು ನಂದ ಕೈ. ನನ್ನ ಎಡಗೈ."

ಬಾಗಿಲಲ್ಲಿ ನಿಂತವರು ಗೊಳ್ಳೆಂದು ನಕ್ಕರು. ಹನುಮಂತರಾಯಪ್ಪ ನಗಲಿಲ್ಲ. "ಅಂಗಾ?" ಅಂದರು. "ಪಕ್ಕದ ರೂಮು ಕಾಲಿ ಐತೆ. ನಡಿ. ನನ್ ಮುಂದೆ ಒಡಿ."

ಮಹಾದೇವಿ ಒಂದು ಬಾಂಡ್ಲಿ ಗಾರೆ ಕಲಸಿ ತಂದಳು. ಯಮನೂರ ಹಲಗೆ ಹತ್ತಿದ. ಕೆಳಗೆ ಹತ್ತು ಹನ್ನೆರಡು ಮುಖಗಳು ಮೇಲೆ ನೋಡುತ್ತಿದ್ದವು. ಬಲಗೈ ಗಾರೆಯ ಹಲಗೆ ಹಿಡಿದು ಎದೆಗೆ ಒತ್ತಿಕೊಂಡಿತು. ಎಡಗೈ ಕರಣೆ ಹಿಡಿಯಿತು. ಮೊದಲ ಎಸೆತಕ್ಕೆ ಗಾರೆ ಅರ್ಧ ಅಂಟಿ ಅರ್ಧ ಜಾರಿ ಹನುಮಂತರಾಯಪ್ಪನ ಚಪ್ಪಲಿಯ ಪಕ್ಕ ಬಿತ್ತು. ಯಾರೋ ಕಿಸಕ್ಕೆಂದರು. ಇನ್ನು ಮುಗಿಯಿತು ಅಂದುಕೊಂಡ ಯಮನೂರ. ಅವನು ಕಣ್ಣು ಮುಚ್ಚಿ, ಇದೊಂದು ಬಚ್ಚಲು, ಮೇಲೆ ಪೈಪಿದೆ, ಯಾರೂ ನೋಡುತ್ತಿಲ್ಲ ಅಂತ ಮನಸ್ಸಿಗೆ ಹೇಳಿಕೊಂಡು ಕಣ್ಣು ಬಿಟ್ಟ. ಎರಡನೇ ಎಸೆತ ಚಪ್ ಅಂತ ಕೂತಿತು. ಮೂರನೆಯದು ಅದರ ಪಕ್ಕ. ಆಮೇಲೆ ಕೈ ತನ್ನ ಪಾಡಿಗೆ ತಾನು ಓಡಿತು. ಎಸೆದು, ಎಳೆದು, ಮಟ್ಟ ಮಾಡಿ, ಮರದ ಹಲಗೆಯಲ್ಲಿ ಸುತ್ತು ತಿಕ್ಕುವಾಗ ಕೋಣೆಯಲ್ಲಿ ಅದೊಂದೇ ಸದ್ದು, ಸುಯ್ ಸುಯ್.

"ಆ ಮೂಲೆ ಮಾಡು" ಅಂದರು ಹನುಮಂತರಾಯಪ್ಪ ಇದ್ದಕ್ಕಿದ್ದ ಹಾಗೆ.

ಅದು ಕಿಟಕಿ ಪಕ್ಕದ ಎಡಮೂಲೆ, ತೊಲೆ ಬಂದು ಗೋಡೆಗೆ ಸೇರುವ ಜಾಗ. ಬಲಗೈಯವರು ಅಲ್ಲಿ ಮೈ ತಿರುಚಿ, ಕೈ ಮಡಚಿ, ಎರಡೆರಡು ಸಲ ಮಾಡಿದರೂ ಸುಕ್ಕು ಉಳಿಯುತ್ತದೆ. ಯಮನೂರ ಹಲಗೆಯ ಮೇಲೆ ಎರಡು ಹೆಜ್ಜೆ ಸರಿದು ನೆಟ್ಟಗೆ ನಿಂತೇ ಕರಣೆಯನ್ನು ಮೂಲೆಯವರೆಗೆ ಒಯ್ದು, ಒಂದೇ ಉಸಿರಿಗೆ ಎಳೆದ. ಮೂಲೆ ಚಾಕುವಿನಲ್ಲಿ ಕೊಯ್ದ ಹಾಗೆ ಬಂತು.

ಹನುಮಂತರಾಯಪ್ಪ ಟಾರ್ಚಿನ ಬೆಳಕು ಬಿಟ್ಟು ನೋಡಿದರು. ಹೆಲ್ಮೆಟ್ ತೆಗೆದು ತಲೆ ಒರೆಸಿಕೊಂಡರು.

"ಇಳಿ" ಅಂದರು. "ಬಲಗೈಗೆ ಏನಾಗದೆ?"

ಯಮನೂರ ಇಳಿದ. ಹೇಳಿದ. ಹೊಸಕೋಟೆಯ ಹಲಗೆ, ಸಿಮೆಂಟಿನ ಚೀಲ, ರೊಟ್ಟಿಯ ಗಂಟು, ಎರಡನೇ ಮಹಡಿ, ಅವ್ವನ ಕಾಯಿಲೆ, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಮೈ ಹಗುರಾಗುತ್ತಾ ಹೋಗಿ, ಮುಂದೆ ಏನಾಗುತ್ತದೆ ಅನ್ನುವುದನ್ನೇ ಮರೆತ. ಬಚ್ಚಲುಗಳ ಕಥೆಗೆ ಬಂದಾಗ ಇಷ್ಟು ದಿನ ನಗುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಂಟು ತಿಂಗ್ಳು" ಅಂದರು ಹನುಮಂತರಾಯಪ್ಪ. "ನನ್ ಕಣ್ಮುಂದೆ. ಯಾಕಪ್ಪಾ ಯೋಳ್ಲಿಲ್ಲ?"

"ಹೇಳಿದ್ರ ಊರಿಗಿ ಹೋಗಿ ರೆಸ್ಟ್ ತಗೋ ಅಂತಿದ್ರಿ ಸಾರ್. ಗಂಗಪ್ಪಗ ಅಂದ್ರಲ್ರಿ."

ಬಸಕ್ಕ ಬಾಗಿಲಲ್ಲೇ ನಿಂತಿದ್ದಳು. ಯಾರೂ ಅವಳ ಕಡೆ ನೋಡಲಿಲ್ಲ. ಹನುಮಂತರಾಯಪ್ಪ ಮಾತ್ರ ನೋಡಿದರು, ನೋಡಿ ಕಣ್ಣು ಕೆಳಗೆ ಹಾಕಿದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಊಂ. ಅಂತಿದ್ದೆ" ಅಂದರು.

ಸಮೀಕ್ಷಾ ರಿಜಿಸ್ಟರು ಬಿಚ್ಚಿದಳು. ಯಮನೂರ ಅವಳ ಪೆನ್ನನ್ನೇ ನೋಡಿದ. ಬರೆದರೆ ಮುಗಿಯಿತು, ಬರೆದದ್ದನ್ನು ಅಳಿಸುವವರು ಯಾರು?

"ಬರೀಲೇಬೇಕು ಅಣ್ಣ, ಬರೀದಿದ್ರೆ ನಾನು ತಪ್ಪು ಮಾಡ್ದಂಗಾಗತ್ತೆ" ಅಂದಳು ಅವಳು. "ಬಲಗೈ ಭುಜಕ್ಕಿಂತ ಮೇಲೆ ಎತ್ತೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ ಅಂತ ಬರೀತೀನಿ. ಎಡಗೈ ಬಗ್ಗೆ ಬರಿಯೋಕೆ ನಂಗೇನೂ ಕಾಣಿಸ್ತಿಲ್ಲ. ಆಸ್ಪತ್ರೆ ಕಾಗದ ತಂದ್ಕೊಡಿ. ಆಮೇಲೆ ಸಾರ್, ಇವ್ರಿಗೆ ಆ ಹಲಗೆ ಬೇಡ. ಚಕ್ರದ ಸ್ಟ್ಯಾಂಡ್ ಕೊಡಿ, ಸುತ್ತ ಕಂಬಿ ಇರೋದು. ಇನ್ನೊಂದ್ಸಲ ಬಿದ್ರೆ ಕಷ್ಟ."

ಹನುಮಂತರಾಯಪ್ಪ ಅವಳ ಮಾತು ಕೇಳಿಸಿಕೊಂಡರೋ ಇಲ್ಲವೋ. ಅವರು ಇನ್ನೂ ಆ ಮೂಲೆಯನ್ನೇ ನೋಡುತ್ತಿದ್ದರು.

"ಬಸಲಿಂಗ ಓದಾಗ್ಲಿಂದ ಎಡಮೂಲೆ ಒಂದೂ ಸರಿ ಬಂದಿಲ್ಲ" ಅಂದರು, ಯಾರಿಗೋ ಹೇಳುವ ಹಾಗೆ. "ಎಲ್ಡು ವರ್ಷದಿಂದ ಮೂಲೆ ಮೂಲೆಗೂ ಎಲ್ಡೆಲ್ಡು ಸಲ ಮಾಡುಸ್ತಾ ಇವ್ನಿ. ಅವನ್ನ ವಾಪಸ್ ಕರಿಯಾಕೆ ನನ್ ತಲೆ ಬಗ್ಗಲಿಲ್ಲ." ಆಮೇಲೆ ಗಂಟಲು ಸರಿ ಮಾಡಿಕೊಂಡು ದೊಡ್ಡ ದನಿಯಲ್ಲಿ ಹೇಳಿದರು: "ಕೇಳ್ರಪ್ಪಾ! ನಾಳೆಯಿಂದ ಎಲ್ಲಾ ಮನೆ ಎಡಮೂಲೆ, ತೊಲೆ ಪಕ್ಕದ್ದು, ಯಮನೂರಂದು. ಬಾಗ್ಲು ಮುಚ್ಕಂಡು ಮಾಡಂಗಿಲ್ಲ. ಬಲಗೈ ನೋವು ಬಂದ್ರೆ ಅವತ್ತೇ ಯೋಳ್ಬೇಕು, ಮುಚ್ಚಿಟ್ರೆ ಆಗ ನಿಜವಾಗ್ಲೂ ಕಳಿಸ್ತೀನಿ. ಜೋಡಿ ಈಗಿರಂಗೇ ಇರ್ಲಿ." ಇಷ್ಟು ಹೇಳಿ ಹೊರಟವರು ಬಾಗಿಲಲ್ಲಿ ಬಸಕ್ಕನ ಎದುರು ನಿಂತರು. "ಗಂಗಪ್ಪನ ಮಂಡಿ ಈಗ ಎಂಗದೆ?"

"ನಡೀತಾನ್ರಿ. ಏಣಿ ಹತ್ತಾಕ ಆಗಂಗಿಲ್ಲ" ಅಂದಳು ಬಸಕ್ಕ.

"ನೆಲದ್ ಮ್ಯಾಲೆ ನಿಂತು ಮಾಡೋ ಗೋಡೆ ಇಲ್ಲೇನು ಬರವಾ? ಫೋನ್ ಮಾಡು. ನಂಗ್ ಕೊಡು, ನಾನೇ ಮಾತಾಡ್ತೀನಿ."

ಬಸಕ್ಕ ಸೊಂಟದ ಚೀಲದಿಂದ ಫೋನು ತೆಗೆದು, ಗಂಡನ ನಂಬರು ಒತ್ತಿ ಅವರ ಕೈಗೆ ಕೊಟ್ಟಳು.

ಎಲ್ಲರೂ ಹೊರಗೆ ಹೋದರು. ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಹೊರಗೆ ಹನುಮಂತರಾಯಪ್ಪ ಫೋನಿನಲ್ಲಿ "ಏನಪ್ಪಾ ಗಂಗಪ್ಪಾ" ಅನ್ನುವುದು ಕೇಳುತ್ತಿತ್ತು. ಮಹಾದೇವಿ ಸೆರಗಿನಿಂದ ಒಂದು ಸಲ ಮುಖ ಒರೆಸಿಕೊಂಡಳು, ಇನ್ನೊಂದು ಸಲ ಒರೆಸಿಕೊಂಡಳು, ಆಮೇಲೆ ಸೆರಗನ್ನು ಮುಖದ ಮೇಲೆಯೇ ಬಿಟ್ಟಳು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ಯಮನೂರ ನಿಂತ. ಅಷ್ಟು ಹೊತ್ತು ಹೆದರಿಕೆಗೆ ಬಿಗಿಹಿಡಿದಿದ್ದ ಬಲಭುಜ ಈಗ ಕಿತ್ತುಕೊಂಡು ಬರುವ ಹಾಗೆ ಸಿಡಿಯತೊಡಗಿತ್ತು.

"ಮಾದೇ" ಅಂದ ಮೆಲ್ಲಗೆ. "ನೋಯಾಕತ್ತೈತಿ."

"ಏನಂದ್ರಿ?" ಅಂದಳು ಅವಳು ಸೆರಗು ಸರಿಸಿ. "ಕೇಳಸ್ಲಿಲ್ಲ."

"ಭುಜ ನೋಯಾಕತ್ತೈತಿ."

"ಇನ್ನೂ ಜೋರ್ ಹೇಳ್ರಿ. ಈಗ ಯಾರ ಅಂಜಿಕಿ ಐತಿ ನಿಮಗ?"

ಯಮನೂರ ಬಾಯಿ ತೆರೆದ. ಹದಿನಾಲ್ಕು ಮಹಡಿಗೂ ಕೇಳುವ ಹಾಗೆ ಕೂಗಿದ.

"ನನ್ನ ಭುಜ ನೋಯಾಕತ್ತೈತೋ ಯಪ್ಪಾ!"

ಪಕ್ಕದ ಕೋಣೆಗಳಲ್ಲಿ ಕರಣೆಗಳು ನಿಂತವು. ಹೊರಗಿನಿಂದ ಹನುಮಂತರಾಯಪ್ಪನ ದನಿ ಬಂತು:

"ನೋವಾದ್ರೆ ಕೂತ್ಕಳಯ್ಯಾ, ಅದ್ಕ್ಯಾಕ್ ಅಂಗ್ ಬಡ್ಕಂತೀಯಾ!"

ಯಮನೂರ ಬಾಂಡ್ಲಿ ಬೋರಲು ಹಾಕಿ, ಅದರ ಮೇಲೆ ಬಾಗಿಲಿಗೆ ಎದುರಾಗಿ, ಹೋಗಿ ಬರುವವರೆಲ್ಲ ನೋಡುವ ಹಾಗೆ ಕಾಲು ಚಾಚಿ ಕೂತ. ಆಗ ಬೆಳಗಿನ ಹನ್ನೊಂದೂವರೆ, ಕೆಲಸದ ಹೊತ್ತು. ಮಹಾದೇವಿ ಬಂದು ಪಕ್ಕದಲ್ಲಿ ಕೂತು ಅವನ ಭುಜ ನೀವತೊಡಗಿದಳು.